ಕಲಿಲಗಳ ಹರಿವು: ಒಂಟಿ ಕಣದಿಂದ ಗಾಜಿನ ಹೊಸ್ತಿಲವರೆಗೆ

ಮಸಿ, ಬಣ್ಣ, ಹಾಲು ಇವೆಲ್ಲ ಕಲಿಲಗಳು. ಅತಿಸೂಕ್ಷ್ಮ ಕಣಗಳು ದ್ರವದಲ್ಲಿ ಹರಡಿಕೊಂಡಿರುವ ದ್ರವ್ಯಗಳು. 1861ರಲ್ಲಿ ಥಾಮಸ್ ಗ್ರಹಾಂ ಇವುಗಳಿಗೆ ಅಂಟು ಎಂಬರ್ಥದ ಗ್ರೀಕ್ ಪದದಿಂದ 'ಕೊಲಾಯ್ಡ್' ಎಂಬ ಹೆಸರನ್ನು ರೂಪಿಸಿದರು. ಇವು ಹರಿಯುವ ಬಗೆಯನ್ನು ಅರಿಯುವ ಯತ್ನದ ಇತಿಹಾಸವು, ಸಿದ್ಧಾಂತವನ್ನು ಪ್ರಯೋಗವು ಮತ್ತೆ ಮತ್ತೆ ತಿದ್ದಿದ ಇತಿಹಾಸವೂ ಹೌದು.

ಕಣಗಳು ಸೇರಿದಾಗ ದ್ರವದ ಸ್ನಿಗ್ಧತೆ ಎಷ್ಟು ಹೆಚ್ಚುತ್ತದೆಂಬುದಕ್ಕೆ ಐನ್‌ಸ್ಟೈನ್ 1906ರಲ್ಲಿ ಪ್ರಕಟಿಸಿದ ಸೂತ್ರದಲ್ಲಿ ಗುಣಾಂಕವು 1 ಆಗಿತ್ತು. ಪ್ಯಾರಿಸ್ಸಿನಲ್ಲಿ ಪೆರಾನ್ ಅವರ ಪ್ರಯೋಗಾಲಯದ ಅಳತೆಗಳು ಇದಕ್ಕೆ ಹೊಂದಲಿಲ್ಲ. ಲೆಕ್ಕವನ್ನು ಮರುಪರಿಶೀಲಿಸಿದಾಗ ದೋಷವು ಸಿಕ್ಕಿತು. 1911ರಲ್ಲಿ ಗುಣಾಂಕವು 2.5 ಎಂದು ತಿದ್ದುಪಡಿಯಾಯಿತು. ಆದರೂ ಈ ಸೂತ್ರವು ವಿರಳ ಕಲಿಲಕ್ಕಷ್ಟೇ ಸಲ್ಲುತ್ತದೆ; ಅಲ್ಲಿ ಪ್ರತಿಯೊಂದು ಕಣವೂ ಒಂಟಿ.

ದಟ್ಟ ಕಲಿಲದಲ್ಲಿ ನೆರೆಯ ಕಣಗಳೇ ಪಂಜರವಾಗುತ್ತವೆ. ನಿಶ್ಚಿತ ದಟ್ಟಣೆಯಲ್ಲಿ ಈ ಪಂಜರವು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆಂದು 1984ರಲ್ಲಿ ಗೋಟ್ಸೆ ಮೊದಲಾದವರ ಸಿದ್ಧಾಂತವು ಸೂಚಿಸಿತು. 1986ರಲ್ಲಿ ಪ್ಯೂಸೀ ಮತ್ತು ವ್ಯಾನ್ ಮೆಗೆನ್ ಪ್ಲಾಸ್ಟಿಕ್ ಗೋಲಿಗಳ ಕಲಿಲಗಳನ್ನು ಪರೀಕ್ಷಿಸಿದರು. ಗೋಲಿಗಳ ಪಾಲು ಒಟ್ಟು ಗಾತ್ರದ ಶೇಕಡ 49ನ್ನು ದಾಟಿದಾಗ ಹರಳುಗಳು ಮೂಡಿದವು. ಸುಮಾರು 58ನ್ನು ದಾಟಿದಾಗ ಹರಳುಗಟ್ಟುವಿಕೆ ನಿಂತು ಗಾಜಿನಂಥ ಸ್ಥಿತಿಯು ಉಳಿಯಿತು. ಆದರೆ 1995ರಲ್ಲಿ ಕೊಲಂಬಿಯಾ ನೌಕೆಯಲ್ಲಿ ನಡೆದ ಪ್ರಯೋಗವು ಹೊಸ ಸಂದೇಹವನ್ನು ಹುಟ್ಟಿಸಿತು: ಭೂಮಿಯ ಮೇಲೆ ವರ್ಷಕ್ಕೂ ಮಿಕ್ಕಿ ಗಾಜಾಗಿಯೇ ಉಳಿದಿದ್ದ ಮಾದರಿಯು ಗುರುತ್ವವು ಅತ್ಯಲ್ಪವಾಗಿದ್ದ ಅಲ್ಲಿ ಎರಡು ವಾರಗಳೊಳಗೆ ಹರಳಾಯಿತು.

ಇಂಥ ಗಾಜನ್ನು ಮೆಲ್ಲನೆ ಒತ್ತಿದರೆ ಅದು ಘನದಂತೆ ಪ್ರತಿರೋಧಿಸುತ್ತದೆ. ಒತ್ತಡವು ಮಿತಿಯನ್ನು ಮೀರಿದರೆ ಪಂಜರಗಳು ಮುರಿದು ಹರಿಯುತ್ತದೆ. ಈ ಹರಿವು ಎಲ್ಲೆಡೆ ಏಕರೂಪವಲ್ಲ, ಅಲ್ಲಲ್ಲಿ ಕಣಗಳ ಸಣ್ಣ ಗುಂಪುಗಳು ಸ್ಥಾನ ಬದಲಿಸುವುದರಿಂದ ಅದು ಸಾಗುತ್ತದೆಂಬುದನ್ನು 2007ರಲ್ಲಿ ಶಾಲ್, ವೈಟ್ಜ್ ಮತ್ತು ಸ್ಪೇಪನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಇದೇ ಶೋಧನೆಗೆ ಬೆಂಗಳೂರಿನ ಕೊಡುಗೆಯೂ ಸೇರಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ರಾಜೇಶ್ ಗಣಪತಿ ಮತ್ತು ಸಂಗಡಿಗರು ಲೇಸರ್ ಬೆಳಕಿನಿಂದ ಕೆಲವು ಕಣಗಳನ್ನು ಹಿಡಿದು ನಿಲ್ಲಿಸಿದರು. ಕಲಿಲವು ದಟ್ಟವಾದಷ್ಟೂ ಅವುಗಳ ಪ್ರಭಾವವು ದೂರಕ್ಕೆ ವ್ಯಾಪಿಸುವುದನ್ನು ಅಳೆದು 2015ರಲ್ಲಿ ಪ್ರಕಟಿಸಿದರು.

ಗಾಜು ದ್ರವ್ಯದ ಪ್ರತ್ಯೇಕ ಸ್ಥಿತಿಯೋ ಅಥವಾ ಮಾನವನ ತಾಳ್ಮೆಯನ್ನು ಮೀರಿ ನಿಧಾನಿಸಿದ ದ್ರವವೋ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಉತ್ತರವನ್ನು ಸೂತ್ರವೇ ಮೊದಲು ನೀಡಿದರೂ ಅದನ್ನು ಒರೆಗೆ ಹಚ್ಚಬೇಕಾದುದು ಪ್ರಯೋಗವೇ ಎಂಬುದು ಈ ಇತಿಹಾಸದ ಪಾಠ.