ಬಾಣಂತನ ಮುಗಿದ ಮೇಲೆ ಬರುವ ಕಾಯಿಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ವಿಜಯಪುರ ಜಿಲ್ಲೆಯ ಯಾವ ಊರಿಗೆ ಹೋದರೂ ಬಾಣಂತನ ಹೆಚ್ಚುಕಮ್ಮಿ ಒಂದೇ ಥರ. ಕುಬಸ ಮಾಡಿಸಿಕೊಂಡು ಮಗಳು ತವರಿಗೆ ಬರುತ್ತಾಳೆ. ಹೆರಿಗೆಯಾದ ಮೇಲೆ ಎಣ್ಣೆ-ನೀರು, ಕಿವಿಗೆ ಹತ್ತಿ, ಅಂಟಿನುಂಡಿ, ಅಳವಿ ಪಾಯಸ. ಮೂರೋ ಐದೋ ತಿಂಗಳಿಗೆ ಕೂಸಿನ ಜೊತೆ ಗಂಡನ ಮನೆಗೆ. "ಬಾಣಂತನ ಮುಗೀತು" ಅಂತ ತವರಿನವರು ಉಸ್ಸಪ್ಪ ಅಂತಾರೆ.

ಆದರೆ ಒಂದು ಕಾಯಿಲೆ ಬಲಿಯುವುದೇ ಆ ಹೊತ್ತಿಗೆ! ಹೆರಿಗೆ ನಂತರದ ಥೈರಾಯ್ಡ್ ಉರಿಯೂತ ಅದು.

ಇದರ ಕಥೆ ಕೇಳಿ. ಕುರಿಯ ಥೈರಾಯ್ಡ್ ರಸ ಕೊಟ್ಟರೆ ಥೈರಾಯ್ಡ್ ಕೊರತೆ ನೀಗುತ್ತದೆಂದು ಇಂಗ್ಲೆಂಡಿನ ಜಾರ್ಜ್ ಮರ್ರೆ 1891ರಲ್ಲೇ ತೋರಿಸಿದ್ದ. ಅಂದರೆ ಔಷಧಿ ಮೊದಲೇ ಇತ್ತು. ಹೆರಿಗೆಯ ನಂತರ ಸುಸ್ತು, ಚಳಿ, ಕೂದಲಿನ ತೊಂದರೆ ಅನ್ನುವ ಹೆಂಗಸರು ಅದೇ ಔಷಧಿಯಿಂದ ಚೇತರಿಸಿಕೊಂಡರೆಂದು ನ್ಯೂಜಿಲೆಂಡಿನ ವೈದ್ಯ ರಾಬರ್ಟನ್ ಬರೆದದ್ದು 1948ರಲ್ಲಿ. ಅದನ್ನು ಹೆಚ್ಚಿನವರು ಮರೆತೇಬಿಟ್ಟರು. 1970ರ ದಶಕದಲ್ಲಿ ಜಪಾನಿನ ನೊಬುಯುಕಿ ಅಮಿನೊ ಮತ್ತು ಸಂಗಡಿಗರು ರಕ್ತಪರೀಕ್ಷೆ ಮಾಡಿ ನೋಡಿದ ಮೇಲೆಯೇ ಇದಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು. ನೂರು ತಾಯಂದಿರಲ್ಲಿ ಸುಮಾರು ಐವರಿಗೆ ಇದು ಬರುತ್ತದೆ.

ಆಗುವುದೇನು? ಬಸಿರಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಕೊಂಚ ತಣ್ಣಗಿರುತ್ತದೆ. ಹೆರಿಗೆಯಾದ ಮೇಲೆ ಮತ್ತೆ ಚುರುಕಾಗಿ, ಕೆಲವರಲ್ಲಿ ತಮ್ಮದೇ ಥೈರಾಯ್ಡಿನ ಮೇಲೆ ಬೀಳುತ್ತದೆ. ಮೊದಲ ತಿಂಗಳುಗಳಲ್ಲಿ ಹಾರ್ಮೋನು ಸೋರಿ ಎದೆ ಡವಡವ, ಕೈ ನಡುಕ. ನಾಲ್ಕರಿಂದ ಎಂಟನೇ ತಿಂಗಳ ಆಸುಪಾಸಿನಲ್ಲಿ ಹಾರ್ಮೋನು ಸಾಲದಾಗಿ ಸುಸ್ತು, ಮಲಬದ್ಧತೆ, ಮನಸ್ಸಿಗೆ ಮಂಕು. ಬಹಳಷ್ಟು ಮಂದಿಗೆ ವರ್ಷದೊಳಗೆ ಸರಿಹೋಗುತ್ತದೆ, ಕೆಲವರಿಗೆ ಕಾಯಂ ಆಗಿ ಉಳಿಯುತ್ತದೆ.

ನಮ್ಮಲ್ಲಿ ಥೈರಾಯ್ಡ್ ಅಂದರೆ ಗಳಗಂಡ, ಅಯೋಡಿನ್ ಉಪ್ಪು. 1962ರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಕಲಿಸಿದ್ದೂ ಅದನ್ನೇ. ಆದರೆ ಈ ಕಾಯಿಲೆಗೆ ಮೂಲ ಉಪ್ಪಿನ ಕೊರತೆ ಅಲ್ಲ, ಕುತ್ತಿಗೆ ಊದಲೇಬೇಕೆಂದೂ ಇಲ್ಲ. ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ.

ಈಗ ತಿಂಗಳ ಲೆಕ್ಕ ನೋಡಿ. ಮೈ ನೋಡಿಕೊಳ್ಳುವ ತಾಯಿ ಹತ್ತಿರ ಇರುವಾಗ ಸುಸ್ತಿನ ಹಂತ ಇನ್ನೂ ಬಂದಿರುವುದಿಲ್ಲ. ಬಂದಾಗ ಸೊಸೆ ಗಂಡನ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಾಳೆ. ಅಲ್ಲಿ ಅದಕ್ಕೆ ಸಿಗುವ ಹೆಸರು "ಮೈಗಳ್ಳತನ". ಒಂದು ಟಿ.ಎಸ್.ಎಚ್. ರಕ್ತಪರೀಕ್ಷೆ ಆ ಹೆಸರನ್ನು ಅಳಿಸಬಲ್ಲದು.

ಮನೆಯಲ್ಲಿ ವರ್ಷದೊಳಗಿನ ಕೂಸಿನ ತಾಯಿ ಇದ್ದರೆ, "ನಿನಗ ಹ್ಯಾಂಗ ಅನಸ್ತದ?" ಅಂತ ಕೇಳಿ ಮಿತ್ರರೇ. ಕೂಸನ್ನು ಮಾತ್ರ ಕೇಳಿದರೆ ಸಾಲದು.