ಸೊಗಡು

ಸೊಗಡು ಎಂದರೆ ಮೂಲದಲ್ಲಿ ಮೂಗಿಗೆ ತಟ್ಟುವ ಗಾಢ ವಾಸನೆ. ಚಳಿಗಾಲದ ಅವರೆಕಾಯಿ ಬಿಡಿಸಿದಾಗ ಕೈಗೆ ಅಂಟುವ ಜಿಡ್ಡಿನ ಪರಿಮಳಕ್ಕೆ ಇಂದಿಗೂ ಇದೇ ಹೆಸರು. ಸಂತೆಯಲ್ಲಿ ‘ಸೊಗಡವರೆ’ಗೆ ಬೇಡಿಕೆಯೇ ಬೇರೆ. ಮೂಗಿನ ಈ ಪದ ಕಿವಿಗೂ ದಾಟಿತು. ಒಂದು ಸೀಮೆಯ ಮಾತಿನಲ್ಲಿರುವ ಮಣ್ಣಿನ ಗುಣವನ್ನು ನಾವು ಭಾಷೆಯ ಸೊಗಡು ಎನ್ನುತ್ತೇವೆ.

ರಂಗಭೂಮಿ, ಸಿನಿಮಾಗಳಲ್ಲಿ ಈ ಪದಕ್ಕೆ ಕೆಲಸ ಹೆಚ್ಚು. ‘ಹೋಗಿದ್ದಾನೆ’ ಎಂಬುದು ಧಾರವಾಡದಲ್ಲಿ ‘ಹೋಗ್ಯಾನ’, ಮಂಡ್ಯದಲ್ಲಿ ‘ಹೋಗವ್ನೆ’. ‘ಹೋಗಬೇಕು’ ಎಂಬುದು ಕುಂದಾಪುರದಲ್ಲಿ ‘ಹೋಯ್ಕ್’. ನಟರು ಇಂಥ ರೂಪಗಳನ್ನು ಬಾಯಿಪಾಠ ಮಾಡಿಬಿಡಬಹುದು. ಆದರೆ ಸೊಗಡು ಇರುವುದು ಎಳೆತದಲ್ಲಿ, ಉಸಿರು ನಿಲ್ಲಿಸುವ ಜಾಗದಲ್ಲಿ, ‘ರೀ’ ಸೇರಿಸುವ ಮರ್ಯಾದೆಯಲ್ಲಿ. ಪ್ರತಿ ವಾಕ್ಯಕ್ಕೂ ‘ಮಾರಾಯ್ರೆ’ ಅಂಟಿಸಿದರೆ ಕರಾವಳಿಯ ಕನ್ನಡ ಆಗದು, ಅಣಕವಾಗುತ್ತದೆ. ಆ ಸೀಮೆಯ ಪ್ರೇಕ್ಷಕರಿಗೆ ಅದು ನಿಜವಾಗಿ ನೋವು ಕೊಡುತ್ತದೆ.

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ 1972ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಬೆಂಗಳೂರಿನ ರಂಗಕ್ಕೆ ಬಂದಾಗ ಉತ್ತರ ಕರ್ನಾಟಕದ ಮಾತು ನಾಟಕದ ಜೀವವೇ ಆಗಿತ್ತು. ‘ತಿಥಿ’ ಸಿನಿಮಾ ಬೇರೆ ದಾರಿ ಹಿಡಿಯಿತು: ಮಂಡ್ಯ ಸೀಮೆಯ ಹಳ್ಳಿಗರೇ ಅಲ್ಲಿ ಪಾತ್ರಧಾರಿಗಳು.

ಎಲ್ಲ ಚಿತ್ರಕ್ಕೂ ಅದು ಸಾಧ್ಯವಿಲ್ಲ. ಹಾಗಾಗಿ ಸಂಭಾಷಣೆ ಬರೆದ ಕೂಡಲೇ ಕಥೆ ನಡೆಯುವ ಊರಿನವರೊಬ್ಬರನ್ನು ತಾಲೀಮಿಗೆ ಕೂರಿಸಿಕೊಳ್ಳಿ. ಡಬ್ಬಿಂಗ್ ಹೊತ್ತಿಗೆ ಕರೆದರೆ ತಡವಾಗಿರುತ್ತದೆ.