ಸಾರಥಿಯ ಬಲಗೈ

ತ್ಯಾಗರಾಜನಗರದಲ್ಲಿ, ನೆಟ್ಟಕಲ್ಲಪ್ಪ ಸರ್ಕಲ್ಲಿಗೆ ಹೆಚ್ಚು ದೂರವಿಲ್ಲದ ನಮ್ಮ ಬೀದಿಗೆ, ಮನೆಯಲ್ಲಿ ಕಾರಿದ್ದರೂ ಕಣ್ಣು ಮಂಜಾದುದರಿಂದಲೋ ಮಂಡಿಯ ನೋವಿನಿಂದಲೋ ತಾವೇ ನಡೆಸಲಾರದ ಹಿರಿಯರ ಸಲುವಾಗಿ, ದಿನದ ಲೆಕ್ಕದಲ್ಲಿ ಬಂದು ಹೋಗುವ ಚಾಲಕರೊಬ್ಬರುಂಟು. ಇಂಥವರನ್ನು ಬೆಂಗಳೂರಿನವರು ಆಕ್ಟಿಂಗ್ ಡ್ರೈವರ್ ಎನ್ನುತ್ತಾರೆ. ಒಂದು ಬೆಳಗ್ಗೆ ಅವರು ನೆರೆಮನೆಯವರ ಹೊಸ ಕಾರಿನಲ್ಲಿ ಕುಳಿತು, ಕೀಲಿಯನ್ನು ತಿರುಗಿಸುವುದಕ್ಕೆ ಮುಂಚೆ, ಸ್ಟಿಯರಿಂಗಿನ ಬಲಗಡೆಯ ಕಡ್ಡಿಯನ್ನು ಬೆರಳ ತುದಿಯಿಂದ ಮುಟ್ಟಿ, ಅದರ ಮೇಲಿನ ಚಿಹ್ನೆಯನ್ನು ಬಗ್ಗಿ ನೋಡಿ, ಬಳಿಕ ಎಡಗಡೆಯದನ್ನೂ ಹಾಗೆಯೇ ಮುಟ್ಟಿ ನೋಡಿದುದನ್ನು ಪಕ್ಕದ ಆಸನದಲ್ಲಿದ್ದ ನಾನು ಕಂಡೆನು. “ನಿನ್ನೆ ಓಡಿಸಿದ ಗಾಡೀಲಿ ಇಂಡಿಕೇಟರ್ ಬಲಗಡೆ ಇತ್ತು ಸಾರ್, ಇದರಲ್ಲಿ ಎಡಗಡೆ. ಕೈಗೆ ಮೊದಲೇ ಹೇಳಿಟ್ಟುಕೋಬೇಕು, ಇಲ್ದಿದ್ರೆ ಸರ್ಕಲ್‌ನಲ್ಲಿ ತಿರುಗೋವಾಗ ವೈಪರ್ ಓಡುತ್ತೆ” ಎಂದರು. ಒಂದೇ ಊರಿನ ಒಂದೇ ರಸ್ತೆಯಲ್ಲಿ, ಎಲ್ಲ ಚಾಲಕರೂ ಬಲಗಡೆಯ ಆಸನದಲ್ಲಿಯೇ ಕುಳಿತಿರುವಾಗ, ಇಷ್ಟು ಸಣ್ಣ ಕಡ್ಡಿಯೊಂದು ಮನೆಯಿಂದ ಮನೆಗೆ ಸ್ಥಾನವನ್ನು ಬದಲಿಸುವುದೇಕೆ ಎಂಬ ಪ್ರಶ್ನೆ ಅಂದಿನಿಂದ ನನ್ನ ಮನಸ್ಸಿನಲ್ಲಿ ನಿಂತಿತು.

ಅಮರಸಿಂಹನ ಕೋಶದಲ್ಲಿ ಸಾರಥಿಯ ಪರ್ಯಾಯನಾಮಗಳನ್ನು ಓದಿದವರಿಗೆ ಸೂತ, ಯಂತಾ, ನಿಯಂತಾ ಎಂಬವುಗಳೊಡನೆ ಸವ್ಯೇಷ್ಠ ಎಂದೂ ದಕ್ಷಿಣಸ್ಥ ಎಂದೂ ಎರಡು ಹೆಸರುಗಳು ಕಾಣುತ್ತವೆ. ಎಡಗಡೆ ನಿಂತವನು ಎಂದು ಒಂದರ ಅರ್ಥ, ಬಲಗಡೆ ನಿಂತವನು ಎಂದು ಇನ್ನೊಂದರದು. ರಥವನ್ನು ನಡೆಸುವವನ ಸ್ಥಾನದ ವಿಷಯದಲ್ಲಿ ಎರಡು ಪದ್ಧತಿಗಳ ನೆನಪು ಅಷ್ಟು ಹಿಂದೆಯೇ ಭಾಷೆಯಲ್ಲಿ ಉಳಿದಿತ್ತೆಂದು ಇದರಿಂದ ಊಹಿಸಬಹುದು. ನಮ್ಮ ಎತ್ತಿನ ಗಾಡಿಯವನಾದರೋ ಮೂಕಿಯ ಬುಡದಲ್ಲಿ ನಡುವೆ ಕುಳಿತು, ಹಗ್ಗದಿಂದಲೂ ಬಾಯಿಮಾತಿನಿಂದಲೂ ಎರಡೂ ಎತ್ತುಗಳನ್ನು ಸಮನಾಗಿ ನಡೆಸುತ್ತಿದ್ದುದರಿಂದ, ಅವನಿಗೆ ಈ ಭೇದವೇ ಇರಲಿಲ್ಲ. ಭೇದವು ಹುಟ್ಟಿದುದು ಚಾವಟಿಯಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬಲಗೈಯಲ್ಲಿ ಚಾವಟಿ ಹಿಡಿದ ಇಂಗ್ಲೆಂಡಿನ ಕೋಚಿನವನು ಪೀಠದ ಬಲತುದಿಯಲ್ಲಿ ಕುಳಿತರೆ ಪಕ್ಕದವನಿಗೆ ಏಟು ತಾಗದು. ಎದುರಿನಿಂದ ಬರುವ ಬಂಡಿಯ ಚಕ್ರಕ್ಕೆ ತನ್ನ ಚಕ್ರ ತಗುಲದಂತೆ ನೋಡಿಕೊಳ್ಳಲು ಆ ಬಲತುದಿಯೇ ರಸ್ತೆಯ ನಡುವಿಗೆ ಸಮೀಪವಾಗಿರಬೇಕಾದರೆ, ಬಂಡಿಯು ಎಡಕ್ಕೆ ಸರಿದು ನಡೆಯಬೇಕು. 1835ರ ಹೆದ್ದಾರಿ ಕಾಯ್ದೆಯು ಆ ದೇಶದಲ್ಲಿ ಎಡಪಕ್ಕದ ಸಂಚಾರವನ್ನು ಕಟ್ಟುನಿಟ್ಟು ಮಾಡಿತು. ಬ್ರಿಟಿಷರ ಆಳ್ವಿಕೆಯೊಡನೆ ಅದೇ ರೂಢಿ ನಮ್ಮ ದಂಡುಪ್ರದೇಶಗಳ ಬೀದಿಗಳಿಗೂ ಬಂದಿತು.

ಮೋಟಾರು ಗಾಡಿ ಹುಟ್ಟಿದ ಹೊಸದರಲ್ಲಿ ಚಾಲಕನ ಸ್ಥಾನಕ್ಕೂ ರಸ್ತೆಯ ಪಕ್ಕಕ್ಕೂ ಇಂದಿನ ನಂಟು ಇರಲಿಲ್ಲವೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಬಲಪಕ್ಕದಲ್ಲಿ ಸಂಚರಿಸುವ ದೇಶಗಳಲ್ಲಿಯೂ ಮೊದಮೊದಲ ಕಾರುಗಳು ಬಹುಮಟ್ಟಿಗೆ ಬಲಗಡೆಯ ಸ್ಟಿಯರಿಂಗ್ ಚಕ್ರದವೇ ಆಗಿದ್ದುವು. ಇಟಲಿಯ ಲಾನ್ಸಿಯಾ ಕಂಪನಿಯಂತೂ 1950ರ ದಶಕದವರೆಗೂ ಆ ಪದ್ಧತಿಯನ್ನು ಬಿಡಲಿಲ್ಲ. ಗೇರಿನ ಸನ್ನೆಯನ್ನೂ ಕೈಬ್ರೇಕನ್ನೂ ಚಾಲಕನ ಬಲಗಡೆಗೆ, ಬಾಗಿಲಿಗೆ ಅಂಟಿಕೊಂಡಂತೆ ನಿಲ್ಲಿಸುತ್ತಿದ್ದರು. ಅರಸುಮನೆತನಗಳಿಗೆ ಪ್ರಿಯವಾಗಿದ್ದ ರೋಲ್ಸ್ ರಾಯ್ಸ್ ಸಿಲ್ವರ್ ಗೋಸ್ಟ್ ಕಾರಿನಲ್ಲಿ ಗೇರನ್ನು ಬದಲಿಸುತ್ತಿದ್ದುದು ಬಲಗೈ. ಅಂದಿನ ಕೆಲವು ಕಾರುಗಳಲ್ಲಿ ವೇಗದ ಪೆಡಲು ನಡುವೆಯೂ ಬ್ರೇಕು ಅದರ ಬಲಕ್ಕೂ ಇದ್ದುವು. 1908ರ ಫೋರ್ಡ್ ಮಾಡೆಲ್ ಟಿ ಕಾರು ಅಮೆರಿಕದಲ್ಲಿ ಚಕ್ರವನ್ನು ಎಡಕ್ಕೆ ಸ್ಥಿರಪಡಿಸಿತು. 1916ರ ಕ್ಯಾಡಿಲಾಕ್ ಟೈಪ್ 53ರಲ್ಲಿ ಕ್ಲಚ್ಚು, ಬ್ರೇಕು, ವೇಗದ ಪೆಡಲು ಎಂಬ ಇಂದಿನ ಕ್ರಮವು ಎಡದಿಂದ ಬಲಕ್ಕೆ ನೆಲೆಗೊಂಡು, ಗೇರಿನ ಸನ್ನೆ ಕಾರಿನ ನಡುವಿಗೆ ಬಂದಿತು.

ನಮ್ಮ ಪಾಲಿಗೆ ನಿರ್ಣಾಯಕವಾದುದು ಈ ಕೊನೆಯ ಸಂಗತಿ. ಎಡಚಕ್ರದ ಕಾರಿನಲ್ಲಿ ನಡುವಣ ಸನ್ನೆಯು ಬಲಗೈಗೆ ಒದಗುತ್ತದೆ; ಅದೇ ಕಾರಿನ ಚಕ್ರವನ್ನು ಬಲಕ್ಕೆ ತಂದಾಗ ಸನ್ನೆಯು ಎಡಗೈಯ ಪಾಲಾಗುತ್ತದೆ. ಚಕ್ರವನ್ನು ಸ್ಥಳಾಂತರಿಸಿದ ಶಿಲ್ಪಿಯು ಪೆಡಲುಗಳ ಕ್ರಮವನ್ನಾಗಲಿ ಗೇರಿನ ಮನೆಗಳನ್ನಾಗಲಿ ಕನ್ನಡಿಯಲ್ಲಿ ಕಂಡಂತೆ ತಿರುವಿ ಹಾಕಲಿಲ್ಲ. ಆದುದರಿಂದ ಎಡಚಕ್ರದ ಚಾಲಕನು ಮೊದಲನೆಯ ಗೇರನ್ನು ತನ್ನ ಕಡೆಗೆ ಎಳೆದುಕೊಂಡರೆ, ನಮ್ಮವನು ಅದನ್ನು ತನ್ನಿಂದ ಆಚೆಗೆ, ಪಕ್ಕದಲ್ಲಿ ಕುಳಿತವರ ಮೊಣಕಾಲಿನ ಕಡೆಗೆ, ತಳ್ಳಬೇಕು. ಬಲಗೈಯಲ್ಲಿ ಚಕ್ರವನ್ನು ಹಿಡಿದು ಎಡಗೈಯಲ್ಲಿ ಗೇರನ್ನು ಆಡಿಸುವ ನಮ್ಮ ಪ್ರತಿಯೊಬ್ಬ ಚಾಲಕನೂ ಈ ಅರ್ಥದಲ್ಲಿ ಸವ್ಯಸಾಚಿಯೇ ಸರಿ.

ಈ ನಕ್ಷೆಗಳೆಲ್ಲವೂ ಪರದೇಶದವಾಗದೆ ಇರುವ ಒಂದು ಅವಕಾಶ ನಮ್ಮ ನಾಡಿಗೆ ಒದಗಿ ಬಂದು ತಪ್ಪಿಹೋಯಿತೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ನೋಯುತ್ತದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು, ಭಾರತದಲ್ಲಿ ಮೋಟಾರು ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದರ ಬೆನ್ನಿಗೆ ನಿಂತರು. ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರವು ನೆರವಿಗೆ ಮುಂದಾಯಿತು. ಆದರೆ ಬ್ರಿಟಿಷ್ ಭಾರತ ಸರ್ಕಾರದ ಅಸಮ್ಮತಿಯಿಂದ ಬೆಂಗಳೂರಿನ ಕಾರು ಕಾಗದದಲ್ಲಿಯೇ ಉಳಿಯಿತು. 1940ರಲ್ಲಿ ವಾಲ್‌ಚಂದರ ಪ್ರಯತ್ನದಿಂದ ಇಲ್ಲಿ ವಿಮಾನದ ಕಾರ್ಖಾನೆಯಾಯಿತು. 1944ರಲ್ಲಿ ಅವರ ಪ್ರೀಮಿಯರ್ ಆಟೋಮೊಬೈಲ್ಸ್ ಮುಂಬಯಿಯಲ್ಲಿ ಹುಟ್ಟಿತು. ನಮ್ಮ ಕೈಗೆ ಒಪ್ಪುವಂತೆ ಸಲಕರಣೆಗಳನ್ನು ಎಲ್ಲಿಡಬೇಕೆಂದು ಮೊದಲಿನಿಂದ ಯೋಚಿಸುವ ಕೆಲಸ ಆಗ ಇಲ್ಲಿ ನಡೆಯಲಿಲ್ಲ.

ಮುಂದೆ ನಮ್ಮ ಬಸವನಗುಡಿ, ಜಯನಗರಗಳ ಮನೆಮುಂದೆ ನಿಂತ ಕಾರುಗಳು ಎರಡೇ ಎನ್ನಬಹುದು: ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ರೂಪವಾದ ಅಂಬಾಸಡರ್, ಇಟಲಿಯ ಫಿಯಟ್ ಕಾರಿನ ರೂಪವಾದ ಪದ್ಮಿನಿ. ಇವೆರಡರಲ್ಲಿಯೂ ಗೇರಿನ ಸನ್ನೆಯು ಸ್ಟಿಯರಿಂಗಿನ ಕಂಬದ ಎಡಗಡೆಗೆ ಚಾಚಿಕೊಂಡಿದ್ದಿತು. ಕಾಲಿನ ಬಳಿ ಸನ್ನೆಯ ಅಡ್ಡಿಯಿಲ್ಲದ್ದರಿಂದ ಮುಂದಿನ ಉದ್ದಾಸನದಲ್ಲಿ ಚಾಲಕನೊಡನೆ ಮತ್ತಿಬ್ಬರು ಕುಳಿತು ಮದುವೆಗೋ ಜಾತ್ರೆಗೋ ಹೋಗಿಬಂದುದು ಎಷ್ಟೋ ಕುಟುಂಬಗಳ ನೆನಪು. ಅಂಬಾಸಡರಿನಲ್ಲಿ ದೀಪದ ಬೆಳಕನ್ನು ತಗ್ಗಿಸುವ ಡಿಪ್ಪರ್ ನೆಲದ ಮೇಲಿದ್ದು, ಕ್ಲಚ್ಚಿನ ಎಡಗಾಲಿಗೇ ಆ ಕೆಲಸವೂ ಸೇರಿತ್ತು. ಹೀಗೆ ಎಡಗೈ ಎಡಗಾಲುಗಳಿಗೆ ದುಡಿಮೆಯನ್ನು ಹಂಚಿ, ಬಲಗೈಯನ್ನು ಸ್ವಲ್ಪ ಬಿಡುವಾಗಿ ಇಡಲಾಗಿತ್ತು. ಆ ಬಿಡುವು ವ್ಯರ್ಥವಾದುದಲ್ಲ, ಏಕೆಂದರೆ ಅಂದು ಹೆಚ್ಚಾಗಿ ಇಂಡಿಕೇಟರ್ ಎಂದರೆ ಚಾಲಕನ ಬಲಗೈಯೇ. ಬಲಕ್ಕೆ ತಿರುಗುವುದಾದರೆ ಅಂಗೈಯನ್ನು ಮುಂದಕ್ಕೆ ಮಾಡಿ ತೋಳನ್ನು ಕಿಟಕಿಯ ಹೊರಗೆ ನೇರವಾಗಿ ಚಾಚುವುದು. ಎಡಕ್ಕಾದರೆ ಚಾಚಿದ ತೋಳನ್ನು ಅಪ್ರದಕ್ಷಿಣವಾಗಿ ಸುತ್ತಿಸುವುದು. ನಿಧಾನಿಸುವುದಾದರೆ ಅಂಗೈಯನ್ನು ಕೆಳಗೆ ಮಾಡಿ ತೋಳನ್ನು ಮೇಲೆ ಕೆಳಗೆ ಆಡಿಸುವುದು. ನಿಲ್ಲಿಸುವುದಾದರೆ ಮುಂಗೈಯನ್ನು ಎತ್ತಿ ಹಿಡಿಯುವುದು. 1989ರ ರಸ್ತೆ ನಿಯಮಾವಳಿಯಲ್ಲಿಯೂ ಈ ಸಂಜ್ಞೆಗಳು ಬಲಗೈಯ ಹೆಸರಿನಿಂದಲೇ ವರ್ಣಿತವಾಗಿದ್ದುವು.

ಇದಕ್ಕಿಂತಲೂ ಸ್ವಾರಸ್ಯವಾದುದು 1988ರ ಮೋಟಾರು ವಾಹನ ಕಾಯ್ದೆಯ 121ನೆಯ ಪ್ರಕರಣ. ತಿರುಗುವ ಅಥವಾ ನಿಲ್ಲಿಸುವ ಸಂಜ್ಞೆಯನ್ನು ಬಲಚಕ್ರದ ಗಾಡಿಯವನು ಯಂತ್ರದಿಂದಲೋ ವಿದ್ಯುತ್ತಿನಿಂದಲೋ ‘ಕೊಡಬಹುದು’, ಎಡಚಕ್ರದ ಗಾಡಿಯವನು ಹಾಗೆಯೇ ‘ಕೊಡತಕ್ಕದ್ದು’ ಎಂದು ಅದರ ಆಶಯ. ಎಡಗಡೆ ಕುಳಿತವನ ಕೈ ಹಿಂದಿನವರಿಗೆ ಕಾಣಿಸದು. ಬಲಗಡೆ ಕುಳಿತವನಿಗೆ ಯಂತ್ರವಿಲ್ಲದಿದ್ದರೂ ತೋಳುಂಟು. ಸಂಜ್ಞೆಯು ಮೂಲತಃ ಬಲಗೈಯ ಧರ್ಮ, ಕಡ್ಡಿಯೂ ದೀಪವೂ ಅದರ ಪ್ರತಿನಿಧಿಗಳು ಎಂಬ ತಿಳಿವಳಿಕೆ ಈ ಒಂದು ಕ್ರಿಯಾಪದದ ವ್ಯತ್ಯಾಸದಲ್ಲಿ ಅಡಗಿದೆಯೆಂದು ನಾನು ಬಗೆಯುತ್ತೇನೆ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಇಂದಿರಾ ಗಾಂಧಿಯವರು ಕೊಟ್ಟಂದಿನಿಂದ ಜಪಾನಿನ ನಕ್ಷೆ ನಮ್ಮ ಬೀದಿಗೆ ಬಂದಿತು. ಜಪಾನೂ ಎಡಪಕ್ಕದ ಸಂಚಾರದ ದೇಶವಾದ್ದರಿಂದ ಅವರು ಗೇರನ್ನು ಎಡಗೈಗೆ ಕೊಟ್ಟು ಇಂಡಿಕೇಟರನ್ನು ಬಲಗೈಯಲ್ಲಿಯೇ ಉಳಿಸಿದ್ದರು. 1999ರ ಕೊನೆಯಲ್ಲಿ, ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಬರತೊಡಗಿದ ಕ್ವಾಲಿಸ್ ಗಾಡಿಗಳಲ್ಲಿಯೂ ಅದೇ ಕ್ರಮ. ಫೋಕ್ಸ್‌ವಾಗನ್, ಸ್ಕೋಡಾ ಮೊದಲಾದ ಯುರೋಪಿನ ಕಂಪನಿಗಳು ಮಾತ್ರ ಚಕ್ರವನ್ನು ಬಲಕ್ಕೆ ತಂದರೂ ಕಡ್ಡಿಗಳನ್ನು ತಮ್ಮ ದೇಶದ ಸ್ಥಾನದಲ್ಲಿಯೇ ಬಿಟ್ಟುವು. ಎಡಚಕ್ರ, ಬಲಚಕ್ರಗಳ ಎರಡು ಬಗೆಯ ಕಾರುಗಳಿಗೂ ಒಂದೇ ಜೋಡಿ ಕಡ್ಡಿ ಸಾಕಾದರೆ ಕಾರ್ಖಾನೆಗೆ ಉಳಿತಾಯವಷ್ಟೆ. ಅಭ್ಯಾಸವಾದರೆ ಎಲ್ಲವೂ ಒಂದೇ ಎನ್ನುವವರಿದ್ದಾರೆ. ಗೇರು ತಾನಾಗಿ ಬದಲಾಗುವ ಕಾರುಗಳಲ್ಲಿ ಆ ಮಾತು ಸಲ್ಲಲೂಬಹುದು. ಆದರೆ ಗೇರು ಹಾಕಬೇಕಾದ ಕಾರಿನಲ್ಲಿ ಸರ್ಕಲ್ಲಿಗೆ ಬಂದವನು, ವೇಗವನ್ನು ತಗ್ಗಿಸಿ, ಮೂರರಿಂದ ಎರಡಕ್ಕೆ ಇಳಿದು, ಆ ಕ್ಷಣದಲ್ಲಿಯೇ ಹಿಂದಿನ ಸ್ಕೂಟರಿನವನಿಗೆ ತನ್ನ ಮನಸ್ಸನ್ನು ತಿಳಿಸಬೇಕಾಗಿರುವಾಗ, ಎರಡು ಕೆಲಸಗಳನ್ನೂ ಎಡಗೈಗೇ ಹೊರಿಸಿ ಬಲಗೈಯನ್ನು ಬರಿದೇ ಇಡುವುದು ಯುಕ್ತವಲ್ಲ. ನಮ್ಮ ರಸ್ತೆಗೆ ಬಲಗಡೆಯ ಇಂಡಿಕೇಟರೇ ತಕ್ಕದ್ದೆಂದು ನನ್ನ ನಿಶ್ಚಿತವಾದ ಅಭಿಪ್ರಾಯ.

ಆ ಬೆಳಗ್ಗೆ ನಮ್ಮ ಚಾಲಕರು ಸರ್ಕಲ್ಲನ್ನು ತಪ್ಪಿಲ್ಲದೆ ದಾಟಿದರು. ಅವರಂತೆ ದಿನಕ್ಕೊಂದು ಕಾರನ್ನು ನಡೆಸಿ ಜೀವನ ಮಾಡುವವರು ಈ ಊರಿನಲ್ಲಿ ಬಹಳ ಮಂದಿ. ನಿಮ್ಮ ಕಾರನ್ನು ಅಂಥವರೊಬ್ಬರಿಗೆ ಒಪ್ಪಿಸುವ ದಿನ, ಕೀಲಿಯನ್ನು ಕೈಗಿಡುವಾಗಲೇ ಇಂಡಿಕೇಟರ್ ಯಾವ ಕಡೆಗಿದೆಯೆಂಬುದನ್ನೂ ಹೇಳಿ ಕೊಡಿರೆಂದು ಓದುಗರಲ್ಲಿ ನನ್ನ ಪ್ರಾರ್ಥನೆ.